ಬಿಲದ ಮುಂದಿನ ಧ್ಯಾನಿ

ಭಿಕ್ಷುಗಳ ತಾಳ್ಮೆ ಕೆಡಿಸಲೇಬೇಕೆಂದು, ಬೌದ್ಧ ಕಥೆಗಳಲ್ಲಿ ಸಾಧಕರನ್ನು ಕಾಡುವ ಮಾರನಿಗೆ ಒಮ್ಮೆ ಹಟ ಹುಟ್ಟಿತು. ಸೈನ್ಯ ಕಟ್ಟಿಕೊಂಡು ಬರಲಿಲ್ಲ, ಹೆಣ್ಣುಮಕ್ಕಳನ್ನು ಕುಣಿಯಲು ಕಳಿಸಲೂ ಇಲ್ಲ. ಊರಿನ ಗೃಹಸ್ಥರ ಮೈಮೇಲೆ ಬಂದು ಅವರ ಬಾಯಿಂದ ಚುಚ್ಚುಮಾತು ಆಡಿಸಿದ. ತಲೆ ಬೋಳಿಸಿಕೊಂಡು ಜೋಲುಮೋರೆ ಹಾಕಿ ಕೂತ ಈ ಜನ ಮಾಡುತ್ತಿರುವುದು ಧ್ಯಾನವೇ ಹೌದಂತೆ, ಆದರೆ ಅದು ಗೂಬೆ ಕೊಂಬೆಯ ಮೇಲೆ ಮಾಡುವ ಧ್ಯಾನ, ನರಿ ಹೊಳೆಯ ದಡದಲ್ಲಿ ಮಾಡುವ ಧ್ಯಾನ, ಬೆಕ್ಕು ಕಸದ ರಾಶಿಯ ಪಕ್ಕ ಇಲಿಗಾಗಿ ಮಾಡುವ ಧ್ಯಾನವಂತೆ.

ಮಜ್ಝಿಮ ನಿಕಾಯದ 50ನೆಯ ಸುತ್ತದಲ್ಲಿ ಈ ಪ್ರಸಂಗ ಬರುತ್ತದೆ. ಹೇಳುವವನು ಬುದ್ಧನ ಶಿಷ್ಯ ಮೊಗ್ಗಲ್ಲಾನ, ಕೇಳುವವನು ಸಾಕ್ಷಾತ್ ಮಾರ. ಅದಕ್ಕೆ ಮುಂಚೆ ಮಾರ ಮೊಗ್ಗಲ್ಲಾನನ ಹೊಟ್ಟೆಯೊಳಗೆ ಹೊಕ್ಕು, ಸಿಕ್ಕಿಬಿದ್ದು, ಹೊರಗೆ ಬಂದು ನಿಂತಿದ್ದಾನೆ. ಬಹು ಹಿಂದೆ, ಕಕುಸಂಧ ಬುದ್ಧನ ಕಾಲದಲ್ಲಿ, ದೂಸಿ ಎಂಬ ಹೆಸರಿನ ಮಾರನಾಗಿದ್ದವನು ತಾನೇ ಎಂದು ಮೊಗ್ಗಲ್ಲಾನ ಒಪ್ಪಿಕೊಳ್ಳುತ್ತಾನೆ. ಅವನ ಒಡಹುಟ್ಟಿದವಳು ಕಾಳಿ, ಅವಳ ಮಗನೇ ಈಗಿನ ಮಾರ. ಒಟ್ಟಿನಲ್ಲಿ ಸೋದರಮಾವ ತನ್ನ ಹಳೆಯ ಕಿಡಿಗೇಡಿತನವನ್ನು ಸೋದರಳಿಯನಿಗೆ ವರದಿ ಒಪ್ಪಿಸುತ್ತಿದ್ದಾನೆ. ಬೌದ್ಧ ಸಾಹಿತ್ಯದಲ್ಲಿ ಬೆಕ್ಕಿನ ಧ್ಯಾನದ ಚರ್ಚೆ ಇಂಥ ಕುಟುಂಬದ ಮಾತುಕತೆಯಲ್ಲಿ ಕಾಣಿಸಿಕೊಳ್ಳುವುದು ತಮಾಷೆಯಾಗಿದೆ.

ಬೈಗುಳ ನಾಟುವುದು ಹೋಲಿಕೆ ನಿಜವಾಗಿರುವುದರಿಂದ. ಬಿಲದ ಮುಂದೆ ಕೂತ ಬೆಕ್ಕನ್ನು ಸ್ವಲ್ಪ ಹೊತ್ತು ಗಮನಿಸಬೇಕು. ಮುಂಗಾಲು ಎರಡೂ ಒತ್ತಾಗಿ ಜೋಡಿಸಿಕೊಂಡಿರುತ್ತವೆ. ಬೆನ್ನು ಕದಲದು. ಮೀಸೆಯ ಕೂದಲು ಮುಂದಕ್ಕೆ ಚಾಚಿರುತ್ತದೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಒಂದು ಕಿವಿ ಮಾತ್ರ ಅತ್ತ ತಿರುಗಿ, ವಿಚಾರಿಸಿಕೊಂಡು, ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಕಣ್ಣು ಬಿಲ ಬಿಟ್ಟು ಕದಲುವುದಿಲ್ಲ. ಬಾಲದ ತುದಿ ಆಗೊಮ್ಮೆ ಈಗೊಮ್ಮೆ ಮಿಡಿಯುತ್ತದೆ, ಅಷ್ಟೇ. ಮಣ್ಣು ಒಂದಿಷ್ಟು ಉದುರಿತೋ, ಮೈ ನೆಲಕ್ಕೆ ಇನ್ನೂ ಅಂಟುತ್ತದೆ, ಹಿಂಭಾಗ ಎಡಕ್ಕೂ ಬಲಕ್ಕೂ ಸಣ್ಣಗೆ ತೂಗುತ್ತದೆ, ಮರುಕ್ಷಣ ಬೆಕ್ಕು ಅಲ್ಲಿಲ್ಲ. ಹತ್ತು ದಿನದ ವಿಪಶ್ಯನ ಶಿಬಿರ ಮುಗಿಸಿ ಬಂದು ಮಂಡಿನೋವಿನ ಕಥೆ ಹೇಳುವವರು ಇದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟರೆ ತಪ್ಪೇನಿಲ್ಲ.

ಹಾಗಾದರೆ ಬೆಕ್ಕಿಗೆ ಆಧ್ಯಾತ್ಮಿಕ ಗುಣ ಇದೆಯೇ? ಬೌದ್ಧರನ್ನು ಕೇಳಿದರೆ ಯಾವ ಕಾಲದ, ಯಾವ ದೇಶದ ಬೌದ್ಧರು ಎಂಬುದರ ಮೇಲೆ ಉತ್ತರ ನಿಂತಿದೆ.

ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆಗಳು ಬೆಕ್ಕಿನ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಪಾಲಿಯ 547 ಜಾತಕಗಳಲ್ಲಿ ಬೋಧಿಸತ್ವ ಸಿಂಹವಾದ, ಆನೆಯಾದ, ಜಿಂಕೆ, ಕೋತಿ, ಮೊಲ, ಉಡ, ಕಾಗೆ, ಕಪ್ಪೆ ಎಲ್ಲವೂ ಆದ. ನಾಯಿಯೂ ಆದ. ಇಲಿಗಳ ರಾಜನಾಗಿಯೂ ಹುಟ್ಟಿದ. ಬೆಕ್ಕಾಗಿ ಮಾತ್ರ ಹುಟ್ಟಲಿಲ್ಲ. 128ನೆಯ ಬಿಳಾರ ಜಾತಕದಲ್ಲಿ ಒಬ್ಬ ಡಾಂಭಿಕ ತಪಸ್ವಿ ಇದ್ದಾನೆ. ಸೂರ್ಯನ ಕಡೆ ಮುಖ ಮಾಡಿ, ಬಾಯಿ ತೆರೆದು, ಒಂಟಿ ಕಾಲಲ್ಲಿ ನಿಂತಿದ್ದಾನೆ. ನಾಲ್ಕೂ ಕಾಲು ಊರಿದರೆ ಭೂಮಿ ತಡೆಯಲಾರದಂತೆ, ಬಾಯಿ ತೆರೆದಿರುವುದು ಗಾಳಿಯೇ ತನಗೆ ಆಹಾರವಾದ್ದರಿಂದಂತೆ. ಇಲಿಗಳು ನಂಬಿ ದಿನವೂ ಬಂದು ಕೈಮುಗಿದು ಸಾಲಾಗಿ ಹಿಂತಿರುಗುತ್ತವೆ, ಸಾಲಿನ ಕೊನೆಯ ಇಲಿ ಮನೆ ಸೇರುವುದಿಲ್ಲ. ಕಥೆಯ ಗದ್ಯ ಈ ತಪಸ್ವಿಯನ್ನು ನರಿ ಎನ್ನುತ್ತದೆ, ಪದ್ಯಭಾಗ ಮಾತ್ರ ಇಂಥ ನಟನೆಗೆ ಬೆಕ್ಕಿನ ವ್ರತವೆಂದೇ ಹೆಸರಿಟ್ಟಿದೆ. ಪಾಪ, ನರಿ ಮಾಡಿದ ತಪ್ಪಿಗೂ ಬೆಕ್ಕಿನ ಹೆಸರೇ.

ಆದರೆ ಬೌದ್ಧರನ್ನಷ್ಟೇ ದೂರುವಂತಿಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನ ಯುಧಿಷ್ಠಿರನನ್ನು ಹಂಗಿಸಲು ಗಂಗಾತೀರದ ತಪಸ್ವಿ ಬೆಕ್ಕಿನ ಕಥೆಯನ್ನೇ ಹೇಳಿಕಳಿಸುತ್ತಾನೆ. ಮಾಮಲ್ಲಪುರದಲ್ಲಿ ಪಲ್ಲವರು ಏಳನೆಯ ಶತಮಾನದಲ್ಲಿ ಕೊರೆಸಿದ ಮಹಾಶಿಲ್ಪದಲ್ಲಿ ಆನೆಗಳ ಹತ್ತಿರವೇ ಒಂದು ಬೆಕ್ಕು ಮುಂಗಾಲುಗಳನ್ನು ತಲೆಯ ಮೇಲೆತ್ತಿ ತಪಸ್ಸಿಗೆ ನಿಂತಿದೆ, ಅದರ ಬುಡದಲ್ಲಿ ಇಲಿಗಳಿವೆ. ಇನ್ನೂ ಹಳೆಯದು ಬೌದ್ಧರದೇ ಆದ ಭಾರ್ಹುತ್ ಸ್ತೂಪದ ಶಿಲ್ಪ, ಕ್ರಿ.ಪೂ. ಎರಡನೆಯ ಶತಮಾನದ್ದು. ಮರದ ಮೇಲೆ ಹುಂಜ, ಕೆಳಗೆ ಕತ್ತೆತ್ತಿ ಕೂತ ಬೆಕ್ಕು. ಇದು ಬೆಕ್ಕು ಹುಂಜವನ್ನು ಮದುವೆಗೆ ಕೇಳುವ ಕುಕ್ಕುಟ ಜಾತಕ. ಹುಂಜ ಬೋಧಿಸತ್ವನಾದ್ದರಿಂದ ಸಂಬಂಧ ಕುದುರಲಿಲ್ಲ. ನೋಡುವವರಿಗೆ ಸಂಶಯ ಬೇಡವೆಂದು ಶಿಲ್ಪಿ ಬಿಡಾಲ, ಕುಕ್ಕುಟ ಎಂದು ಎರಡೂ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ್ದಾನೆ. ಈ ಸ್ತೂಪದ ಶಿಲ್ಪಗಳಲ್ಲಿ ಬಹುಪಾಲು ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿವೆ.

ಸುತ್ತಗಳಲ್ಲೂ ಬೆಕ್ಕಿಗೆ ಮರ್ಯಾದೆ ಕಡಿಮೆ. ಸಂಯುತ್ತ ನಿಕಾಯದ ಒಂದು ಬೆಕ್ಕು ಆತುರಕ್ಕೆ ಬಿದ್ದು ಇಲಿಯನ್ನು ಅಗಿಯದೇ ನುಂಗಿಬಿಡುತ್ತದೆ, ಹೊಟ್ಟೆ ಸೇರಿದ ಇಲಿ ಕರುಳನ್ನು ಕಡಿಯತೊಡಗುತ್ತದೆ. ಇಂದ್ರಿಯಗಳನ್ನು ಬಿಗಿಹಿಡಿಯದೆ ಭಿಕ್ಷೆಗೆ ಊರೊಳಗೆ ಹೋಗುವ ತರುಣ ಭಿಕ್ಷುವಿಗೆ ಹೇಳಿದ ಎಚ್ಚರಿಕೆ ಅದು. ಇನ್ನೊಂದು ಕಡೆ, ಯಾರು ಏನೇ ಬೈದರೂ ಮುನಿಯದ ಮನಸ್ಸನ್ನು ಚೆನ್ನಾಗಿ ಹದ ಮಾಡಿದ ಬೆಕ್ಕಿನ ತೊಗಲಿನ ಚೀಲಕ್ಕೆ ಹೋಲಿಸಲಾಗಿದೆ. ತಿಕ್ಕಿ ತಿಕ್ಕಿ ಮೆತ್ತಗಾದ ಚೀಲವನ್ನು ಕೋಲಿನಿಂದ ಬಡಿದರೂ ಅದು ಸದ್ದು ಮಾಡುವುದಿಲ್ಲ. ಉಪಮೆ ಸೊಗಸಾಗಿದೆ, ಬೆಕ್ಕಿನ ಕಡೆಯಿಂದ ನೋಡಿದರೆ ಮಾತ್ರ ಇದನ್ನು ಹೊಗಳಿಕೆ ಎನ್ನಲು ಬಾಯಿ ಬರುವುದಿಲ್ಲ.

ಬೆಕ್ಕಿನ ಗುಣವನ್ನು ಎಣಿಸಿ ಹೇಳಿದ್ದು ‘ಮಿಲಿಂದ ಪಞ್ಹ’. ಗ್ರೀಕ್ ದೊರೆ ಮಿನಾಂಡರನಿಗೂ ನಾಗಸೇನ ಭಿಕ್ಷುವಿಗೂ ನಡೆದ ಸಂವಾದದ ಈ ಗ್ರಂಥ, ಸಾಧಕ ಯಾವ ಪ್ರಾಣಿಯಿಂದ ಎಷ್ಟು ಗುಣ ಕಲಿಯಬೇಕೆಂದು ಲೆಕ್ಕ ಕೊಡುತ್ತದೆ. ಕತ್ತೆಯಿಂದ ಒಂದು, ಹುಂಜದಿಂದ ಐದು, ಬೆಕ್ಕಿನಿಂದ ಎರಡು. ಬೆಕ್ಕು ಗುಹೆ, ಪೊಟರೆ, ಮನೆ ಎಲ್ಲಿ ಹೊಕ್ಕರೂ ಹುಡುಕುವುದು ಇಲಿಯನ್ನೇ, ಸಾಧಕ ಎಲ್ಲಿದ್ದರೂ ಕಾಯದ ಮೇಲಿನ ಅರಿವನ್ನೇ ಹುಡುಕಬೇಕು. ಬೆಕ್ಕು ಬೇಟೆಗೆಂದು ದೂರ ಹೋಗುವುದಿಲ್ಲ, ಸಾಧಕನೂ ದೂರದ ಲೋಕಗಳನ್ನು ಬಿಟ್ಟು ತನ್ನ ಹತ್ತಿರವೇ ಇರುವ, ದೇಹ ಮನಸ್ಸುಗಳನ್ನು ಕಟ್ಟಿರುವ ಪಂಚಸ್ಕಂಧಗಳ ಹುಟ್ಟು ಅಳಿವನ್ನು ನೋಡಬೇಕು. ಬೆಕ್ಕು ಸಂತನೆಂದು ನಾಗಸೇನ ಹೇಳುತ್ತಿಲ್ಲ. ಅದರ ಕಸುಬನ್ನು ಮಾತ್ರ ಮೆಚ್ಚುತ್ತಾನೆ.

ಈ ಸೂಕ್ಷ್ಮವನ್ನು, ಚಿತ್ತವನ್ನು ವಿಂಗಡಿಸಿ ನೋಡುವ ಬೌದ್ಧಶಾಸ್ತ್ರವಾದ ಅಭಿಧಮ್ಮ ಲೆಕ್ಕಪತ್ರದಷ್ಟು ಖಚಿತವಾಗಿ ಬಿಡಿಸಿಟ್ಟಿದೆ. ಥೇರವಾದದ ಎಣಿಕೆಯಂತೆ ಏಕಾಗ್ರತೆ ಪ್ರತಿಯೊಂದು ಚಿತ್ತದಲ್ಲೂ ಇರುವ ಅಂಶ. ಬೀಗ ಒಡೆಯುವ ಕಳ್ಳನಲ್ಲಿ ಇದೆ, ಇಸ್ಪೀಟಾಡುವವನಲ್ಲಿ ಇದೆ, ಬೆಕ್ಕಿನಲ್ಲಂತೂ ಧಾರಾಳವಾಗಿ ಇದೆ. ‘ಸತಿ’ ಎಂಬ ಸ್ಮೃತಿ ಹಾಗಲ್ಲ, ಅದು ಶೋಭನ, ಅಂದರೆ ಶುಭವಾದ ಚಿತ್ತದಲ್ಲಿ ಮಾತ್ರ ಹುಟ್ಟುತ್ತದೆ. ಕೊಲ್ಲುವ ಕ್ಷಣದ ಚಿತ್ತಕ್ಕೆ ಎಷ್ಟೇ ಏಕಾಗ್ರತೆ ಇದ್ದರೂ ಅದನ್ನು ಸಮ್ಯಕ್ ಸ್ಮೃತಿ ಎನ್ನಲಾಗದು. ಬೆಕ್ಕು ಸದಾ ವರ್ತಮಾನದಲ್ಲಿ ಬದುಕುತ್ತದೆ, ಅದೇ ನಮ್ಮ ನಿಜವಾದ ಗುರು ಎಂದು ಬೆಕ್ಕಿನ ಚಿತ್ರದ ಕ್ಯಾಲೆಂಡರ್ ಮಾರುವವರು ಈ ಪುಟವನ್ನು ಓದಿದಂತಿಲ್ಲ.

ಇಲ್ಲಿ ಶ್ರೀವೈಷ್ಣವರ ನೆನಪಾಗುತ್ತದೆ. ಮೇಲುಕೋಟೆಯ ಕಡೆ ಮಾರ್ಜಾಲ ಕಿಶೋರ ನ್ಯಾಯದ ಮಾತು ಕೇಳದವರು ಕಡಿಮೆ. ಅವರಲ್ಲಿ ತೆಂಗಲೈ ಪಂಗಡದವರ ದೇವರು ತಾಯಿಬೆಕ್ಕು, ಮರಿ ಏನೂ ಮಾಡಬೇಕಿಲ್ಲ, ಅವಳೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ಬೆಕ್ಕಿಗೆ ಭಾರತದ ಯಾವ ಪಂಥವೂ ಇಷ್ಟು ದೊಡ್ಡ ಹುದ್ದೆ ಕೊಟ್ಟದ್ದಿಲ್ಲ. ಬೌದ್ಧರಲ್ಲಿ ಎತ್ತಿಕೊಂಡು ಹೋಗುವ ದೇವರೇ ಇಲ್ಲವಾದ್ದರಿಂದ ಆ ಹುದ್ದೆಯೂ ಇಲ್ಲ.

ತಿರ್ಯಕ್ ಜನ್ಮದ, ಅಂದರೆ ಪ್ರಾಣಿಜನ್ಮದ ಬಗ್ಗೆ ಬುದ್ಧನ ಮಾತು ಕಠಿಣವಾಗಿದೆ. ಅಲ್ಲಿ ಧರ್ಮಾಚರಣೆಗೆ ಎಡೆಯಿಲ್ಲ, ಒಂದನ್ನೊಂದು ತಿನ್ನುವುದು, ಬಲವಿದ್ದದ್ದು ಬಲವಿಲ್ಲದ್ದನ್ನು ತಿನ್ನುವುದು, ಇಷ್ಟೇ. ಆ ಜನ್ಮ ಇರುವವರೆಗೆ ಧ್ಯಾನದ ಮೆಟ್ಟಿಲು ದಕ್ಕದೆಂದು ಅಭಿಧಮ್ಮವೂ ಹೇಳುತ್ತದೆ. ಸಂಘದೊಳಗೂ ಪ್ರವೇಶವಿಲ್ಲ. ಒಬ್ಬ ನಾಗ ತರುಣನ ವೇಷ ಹಾಕಿ ಭಿಕ್ಷುವಾಗಿ, ನಿದ್ದೆಯಲ್ಲಿ ನಿಜರೂಪಕ್ಕೆ ಬಂದು, ಕೋಣೆಯ ತುಂಬ ಸುರುಳಿ ಸುತ್ತಿ ಮಲಗಿ ಸಿಕ್ಕಿಬಿದ್ದ ಕಥೆ ವಿನಯಪಿಟಕದಲ್ಲಿದೆ. ಅಂದಿನಿಂದ ಉಪಸಂಪದೆಯ, ಅಂದರೆ ಭಿಕ್ಷುದೀಕ್ಷೆಯ ಹೊತ್ತಿನಲ್ಲಿ, ನೀನು ಮನುಷ್ಯನೇ ತಾನೆ ಎಂಬ ಪ್ರಶ್ನೆ ಸೇರಿಕೊಂಡಿತು. ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರ್‌ಗಳಲ್ಲಿ ಇಂದಿಗೂ ಅದನ್ನು ಕೇಳುತ್ತಾರೆ.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಚಂಪಾನಗರದ ಗಗ್ಗರಾ ಕೊಳದ ದಡದಲ್ಲಿ ಬುದ್ಧ ಉಪದೇಶ ಮಾಡುತ್ತಿದ್ದಾಗ ಒಂದು ಕಪ್ಪೆ ಆ ದನಿಗೆ ಮನಸೋತು ಕೂತಿತಂತೆ. ಹಿಂದೆ ಬಂದು ನಿಂತ ದನಗಾಹಿ ನೋಡದೆ ಅದರ ತಲೆಯ ಮೇಲೆ ಕೋಲೂರಿದ. ಕಪ್ಪೆ ಸತ್ತು ತಾವತಿಂಸ ಸ್ವರ್ಗದಲ್ಲಿ ದೇವತೆಯಾಗಿ ಕಣ್ಣುಬಿಟ್ಟಿತು. ಒಂದು ಮಾತೂ ಅರ್ಥವಾಗದಿದ್ದರೂ ದನಿ ಹಿತವಾಗಿತ್ತು, ಅಷ್ಟೇ ಸಾಕಾಯಿತು. ಕಪ್ಪೆಗೆ ಸಿಕ್ಕಿದ್ದು ಬೆಕ್ಕಿಗೆ ಸಿಗಬಾರದೆಂಬ ನಿಯಮ ಎಲ್ಲೂ ಇಲ್ಲ.

ಬೌದ್ಧ ಧರ್ಮ ಚೀನಾಕ್ಕೆ ಹೋದ ಮೇಲೆ ಮಾತಿನ ಧಾಟಿ ಬದಲಾಯಿತು. ಸಕಲ ಜೀವಿಗಳಲ್ಲೂ ಬುದ್ಧತ್ವದ ಬೀಜವಿದೆ ಎಂಬ ಮಹಾಯಾನದ ಮಾತು ಬೆಕ್ಕನ್ನೂ ಒಳಗೊಂಡಿತು. ಬೆಕ್ಕು ಮಾತ್ರ ಬದಲಾಗಲಿಲ್ಲ. ಏಳನೆಯ ಶತಮಾನದಲ್ಲಿ ಬೌದ್ಧ ಧರ್ಮಕ್ಕೆ ದೊಡ್ಡ ಆಸರೆಯಾಗಿದ್ದ ಸಾಮ್ರಾಜ್ಞಿ ವು ಝತಿಯೆನ್ ಬೆಕ್ಕಿಗೂ ಗಿಳಿಗೂ ಒಟ್ಟಿಗೆ ಉಣ್ಣುವ ಅಭ್ಯಾಸ ಮಾಡಿಸಿ, ತನ್ನ ಆಳ್ವಿಕೆಯ ಸೌಹಾರ್ದ ತೋರಿಸಲೆಂದು ಆಸ್ಥಾನದ ಮುಂದಿಟ್ಟಳು. ಅಧಿಕಾರಿಗಳ ಸಾಲು ಉದ್ದವಿತ್ತು, ಪ್ರದರ್ಶನ ಲಂಬಿಸಿತು, ಬೆಕ್ಕಿಗೆ ಹಸಿವಾಯಿತು, ಗಿಳಿ ಹೋಯಿತು. ಇದೇ ಸಾಮ್ರಾಜ್ಞಿಗೆ ಮುಂಚೆ ಒಬ್ಬ ಸವತಿ, ತಾನು ಬೆಕ್ಕಾಗಿ ಹುಟ್ಟಿ, ಇಲಿಯಾಗಿ ಹುಟ್ಟಿದ ನಿನ್ನ ಗಂಟಲು ಹಿಡಿಯುತ್ತೇನೆಂದು ಸಾಯುವಾಗ ಶಾಪ ಹಾಕಿದ್ದಳು. ಅದಕ್ಕೆ ಹೆದರಿ ಕೆಲಕಾಲ ಅರಮನೆಗೆ ಬೆಕ್ಕೇ ಬರದಂತೆ ಮಾಡಿದ್ದವಳು ಈಕೆ.

ಝೆನ್ ಪರಂಪರೆಯ ಬಲು ಕುಖ್ಯಾತ ಪ್ರಸಂಗವೂ ಬೆಕ್ಕಿನದೇ. ಗುರು ನಾನ್‌ಚ್ವಾನ್‌ನ (748–835) ಮಠದಲ್ಲಿ ಪೂರ್ವದ ಪಡಸಾಲೆಯವರಿಗೂ ಪಶ್ಚಿಮದ ಪಡಸಾಲೆಯವರಿಗೂ ಒಂದು ಬೆಕ್ಕಿಗಾಗಿ ಜಗಳ. ಗುರು ಬೆಕ್ಕನ್ನೆತ್ತಿ ಹಿಡಿದು, ಯಾರಾದರೂ ಒಂದು ಮಾತು ಹೇಳಿದರೆ ಇದು ಬದುಕುತ್ತದೆ ಎಂದ. ಯಾರಿಗೂ ತೋಚಲಿಲ್ಲ, ಕತ್ತಿ ಬಿತ್ತು. ಸಂಜೆ ಹಿಂತಿರುಗಿದ ಶಿಷ್ಯ ಜಾವೊಜೌಗೆ ಗುರು ಇದನ್ನು ಹೇಳಿದಾಗ ಅವನು ಚಪ್ಪಲಿ ಕಳಚಿ ತಲೆಯ ಮೇಲಿಟ್ಟುಕೊಂಡು ಹೊರನಡೆದ. ನೀನಿದ್ದಿದ್ದರೆ ಬೆಕ್ಕು ಉಳಿಯುತ್ತಿತ್ತು ಎಂದ ಗುರು. ಹದಿಮೂರನೆಯ ಶತಮಾನದ ‘ಮುಮೊನ್‌ಕನ್’ ಎಂಬ ಝೆನ್ ಸಂಗ್ರಹದಲ್ಲಿ ಇದು 14ನೆಯ ಪ್ರಕರಣ. ಶತಮಾನಗಳಿಂದ ಸಾಧಕರು ಆ ಚಪ್ಪಲಿಯ ಅರ್ಥ ಹುಡುಕುತ್ತಿದ್ದಾರೆ, ಬೆಕ್ಕಿನ ಪರವಾಗಿ ನಿಂತವರು ವಿರಳ. ಜಪಾನಿನ ದೋಗೆನ್ (1200–1253) ಅಂಥ ಒಬ್ಬ. ಆ ಕೃತ್ಯಕ್ಕೆ ಬುದ್ಧಕಾರ್ಯದ ಮುಖ ಇದ್ದರೂ ಅದು ಪಾಪವೂ ಹೌದು ಎಂದು ಶಿಷ್ಯ ಎಜೋಗೆ ನೇರವಾಗಿ ಹೇಳಿದ. ತಾನಾಗಿದ್ದರೆ, ಶಿಷ್ಯರ ಮೌನವನ್ನೇ ಉತ್ತರವೆಂದು ಒಪ್ಪಿ ಬೆಕ್ಕನ್ನು ಬಿಟ್ಟುಬಿಡುತ್ತಿದ್ದೆ ಎಂದ. ಈ ಇಡೀ ವ್ಯವಹಾರದಲ್ಲಿ ಬುದ್ಧಿವಂತಿಕೆಯ ಮಾತು ಎಂದರೆ ಅದೇ.

ಮಾರನ ಬೈಗುಳ ತಲೆಕೆಳಗಾದದ್ದನ್ನು ಕೊರಿಯದಲ್ಲಿ ಕಾಣಬಹುದು. ಅಲ್ಲಿನ ಗುರು ಸಿಯೊಸಾನ್ 1564ರಲ್ಲಿ ಬರೆದ ಸಾಧನಾಗ್ರಂಥದಲ್ಲಿ, ಗುರು ಕೊಟ್ಟ ಪ್ರಶ್ನೆಯನ್ನು ಹೇಗೆ ಹಿಡಿದು ಕೂರಬೇಕೆಂದು ವಿವರಿಸುತ್ತ, ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ, ಇಲಿಗೆ ಕಾಯುವ ಬೆಕ್ಕಿನಂತೆ ಇರಬೇಕೆಂಬ ಹೋಲಿಕೆಗಳನ್ನು ಕೊಡುತ್ತಾನೆ. ಮಾರ ಯಾವ ಮಾತಿನಿಂದ ಭಿಕ್ಷುಗಳನ್ನು ಅವಮಾನಿಸಿದ್ದನೋ ಅದೇ ಮಾತು ಪಾಠವಾಯಿತು. ಕಾಯುವ ರೀತಿಯನ್ನು ಉಳಿಸಿಕೊಂಡು ಇಲಿಯನ್ನು ಮಾತ್ರ ಬದಲಾಯಿಸಿದರು. ಅದೇ ದೇಶದ ಒದೆಸಾನ್ ಬೆಟ್ಟದ ಸಾಂಗ್ವನ್‌ಸಾ ವಿಹಾರದ ಮುಂದೆ ಎರಡು ಕಲ್ಲಿನ ಬೆಕ್ಕುಗಳಿವೆ. ಹದಿನೈದನೆಯ ಶತಮಾನದ ದೊರೆ ಸೆಜೊ ಪೂಜೆಗೆ ಒಳಹೋಗುವಾಗ ಬೆಕ್ಕೊಂದು ಅವನ ನಿಲುವಂಗಿ ಜಗ್ಗಿ ತಡೆಯಿತಂತೆ, ಹುಡುಕಿದರೆ ಒಳಗೆ ಕೊಲೆಗಾರ ಅಡಗಿದ್ದನಂತೆ. ದೊರೆ ವಿಹಾರಕ್ಕೆ ಬೆಕ್ಕಿನ ಹೆಸರಲ್ಲಿ ಗದ್ದೆ ಬರೆದುಕೊಟ್ಟ. ಈ ಸೆಜೊ ಸ್ವಂತ ಅಣ್ಣನ ಮಗನಿಂದ ಸಿಂಹಾಸನ ಕಿತ್ತುಕೊಂಡವನು. ಬೆಕ್ಕು ಅದನ್ನೆಲ್ಲ ವಿಚಾರಿಸಿದಂತಿಲ್ಲ.

ಜಪಾನಿಗೆ ಬೆಕ್ಕು ಬಂದದ್ದೇ ಸೂತ್ರಗ್ರಂಥಗಳ ಜೊತೆಗೆ, ಹಡಗಿನಲ್ಲಿ ಇಲಿ ಕಾಯಲು ಎಂದು ಅಲ್ಲಿನವರ ನಂಬಿಕೆ. ಇಷ್ಟು ಉಪಕಾರ ಮಾಡಿಯೂ ಬುದ್ಧನ ಮಹಾಪರಿನಿರ್ವಾಣದ ಚಿತ್ರಗಳಲ್ಲಿ ಅದಕ್ಕೆ ಜಾಗವಿಲ್ಲ. ಆನೆ, ಹುಲಿ, ಹಾವು, ಹುಳಹುಪ್ಪಟೆ ಎಲ್ಲ ಸುತ್ತ ನಿಂತು ಅಳುತ್ತವೆ, ಬೆಕ್ಕು ಸಾಮಾನ್ಯವಾಗಿ ಕಾಣುವುದಿಲ್ಲ. ಮಾಯಾದೇವಿ ಸ್ವರ್ಗದಿಂದ ಎಸೆದ ಔಷಧದ ಗಂಟು ಸಾಲವೃಕ್ಷಕ್ಕೆ ಸಿಕ್ಕಿಕೊಂಡಿತು, ತರಲು ಹೊರಟ ಇಲಿಯನ್ನು ಬೆಕ್ಕು ಹಿಡಿಯಿತು ಎಂಬ ಜನಪದ ಕಥೆ ಇದಕ್ಕೆ ಕಾರಣ ಹೇಳುತ್ತದೆ. ಕ್ಯೋಟೋದ ತೋಫುಕು-ಜಿ ವಿಹಾರದಲ್ಲಿ ಮಿಂಚೋ 1408ರಲ್ಲಿ ಬರೆದ ಭಾರೀ ಚಿತ್ರ ಇದಕ್ಕೆ ಅಪವಾದ, ಅದರಲ್ಲಿ ಬೆಕ್ಕು ಇದೆ. ಬಣ್ಣ ಸಾಲದೇ ಬಂದಾಗ ಬೆಕ್ಕೊಂದು ನೆರವಾಯಿತು, ಋಣ ತೀರಿಸಲು ಕಲಾವಿದ ಅದನ್ನು ಸೇರಿಸಿದ ಎನ್ನುತ್ತಾರೆ. ಟೋಕಿಯೋದ ಗೋತೋಕು-ಜಿಯಲ್ಲಂತೂ ಬೆಕ್ಕಿನದೇ ದರಬಾರು. ಬೇಟೆಯಿಂದ ಬರುತ್ತಿದ್ದ ಹಿಕೊನೆಯ ಪಾಳೆಯಗಾರ ಇಯಿ ನಾಓತಾಕನನ್ನು ಮಠದ ಬೆಕ್ಕು ಕೈಬೀಸಿ ಕರೆಯಿತಂತೆ, ಅವನು ಒಳಬಂದೊಡನೆ ಹೊರಗೆ ಸಿಡಿಲುಮಳೆ. 1633ರಲ್ಲಿ ಆ ಬಡ ಮಠ ಇಯಿ ಮನೆತನದ ವಿಹಾರವಾಯಿತು. ಇಂದು ಅಲ್ಲಿನ ಹಲಗೆಗಳ ಮೇಲೆ ಬಲಗೈ ಎತ್ತಿದ ಬಿಳಿಯ ಬೆಕ್ಕುಗಳು ಒತ್ತೊತ್ತಾಗಿ ಕೂತಿವೆ, ಹರಕೆ ತೀರಿದವರು ತಂದಿಟ್ಟು ಹೋದವು.

ಥಾಯ್ಲೆಂಡಿನ ‘ತಮ್ರಾ ಮೇವ್’ ಎಂಬ ಹಳೆಯ ಬೆಕ್ಕುಶಾಸ್ತ್ರ 17 ಬಗೆಯ ಶುಭ ಬೆಕ್ಕುಗಳನ್ನೂ 6 ಬಗೆಯ ಅಶುಭ ಬೆಕ್ಕುಗಳನ್ನೂ ಚಿತ್ರಸಹಿತ ವಿವರಿಸುತ್ತದೆ. ಇದು ಧರ್ಮಕ್ಕಿಂತ ನಮ್ಮ ಅಶ್ವಶಾಸ್ತ್ರ, ಗಜಶಾಸ್ತ್ರಗಳಿಗೆ ಹತ್ತಿರ. ಮಳೆ ಬಾರದಿದ್ದರೆ ಹೆಣ್ಣುಬೆಕ್ಕನ್ನು ಬುಟ್ಟಿಯಲ್ಲಿ ಮೆರವಣಿಗೆ ಮಾಡಿ ಮನೆಮನೆಯವರೂ ನೀರೆರಚುವ ಪದ್ಧತಿ ಅಲ್ಲಿದೆ. ಪ್ರಾಣಿಹಿಂಸೆಯೆಂಬ ಆಕ್ಷೇಪ ಬಂದ ಮೇಲೆ ಕೆಲವು ಹಳ್ಳಿಗಳವರು ಕಾರ್ಟೂನ್ ಬೆಕ್ಕು ಡೋರೆಮಾನ್‌ನ ಗೊಂಬೆಯನ್ನು ಬುಟ್ಟಿಯಲ್ಲಿ ಕೂರಿಸಿದ್ದಾರೆ. ಇನ್ನು ‘ಪವಿತ್ರ ಬರ್ಮನ್’ ತಳಿಯ ಬೆಕ್ಕು, ನೀಲಿ ಕಣ್ಣಿನ ದೇವಿ, ಸಾಯುತ್ತಿದ್ದ ಅರ್ಚಕನ ಆತ್ಮ ಬೆಕ್ಕಿನೊಳಗೆ ಸೇರಿದ್ದು ಇತ್ಯಾದಿ ಕಥೆ ಪ್ರಚಾರವಾದದ್ದು ಬರ್ಮಾದಿಂದ ಅಲ್ಲ, 1920ರ ದಶಕದ ಫ್ರಾನ್ಸಿನಿಂದ. ಶಾಶ್ವತ ಆತ್ಮವನ್ನೇ ಒಪ್ಪದ ಧರ್ಮದ ಹೆಸರಲ್ಲಿ ಆತ್ಮ ವರ್ಗಾವಣೆಯ ಕಥೆ ಮಾರಾಟವಾಗಿದೆ.

ಕೊನೆಗೆ ಉಳಿಯುವುದು ಊಟದ ಪ್ರಶ್ನೆ. ಸಾಕಿದ ಬೆಕ್ಕಿಗೂ ಅಹಿಂಸೆ ಕಲಿಸೋಣವೆಂದು ಬರೀ ಮೊಸರನ್ನ ಹಾಕುವ ಮನೆಗಳು ನಮ್ಮಲ್ಲಿವೆ. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಂಶ ಬೇಕು, ಅದು ಮಾಂಸದಲ್ಲಿದೆ, ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಸಾಲದಿದ್ದರೆ ಕಣ್ಣು ಮಂಜಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ ಎಂಬುದನ್ನು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ, ಹೃದಯದ ಸಂಬಂಧ 1987ರಲ್ಲಿ ಖಚಿತವಾಯಿತು. ಬುದ್ಧನ ಪ್ರಕಾರ ಚೇತನೆಯೇ ಕರ್ಮ, ಅಂದರೆ ಸಂಕಲ್ಪವೇ ಲೆಕ್ಕಕ್ಕೆ ಬರುವುದು. ಹುಟ್ಟಿನಿಂದಲೇ ಬೇರೆ ದಾರಿಯಿಲ್ಲದ ಪ್ರಾಣಿಯ ಮೇಲೆ ಶೀಲದ ಹೊಣೆ ಹೊರಿಸುವುದು ಅನ್ಯಾಯ. ಪಂಚಶೀಲ ತೆಗೆದುಕೊಳ್ಳುವುದು ಸಾಕಿದವರು, ಬೆಕ್ಕಲ್ಲ.

ಆ ಸಾಕಿದವರ ಲೆಕ್ಕ ಅಷ್ಟೇನೂ ಚೆನ್ನಾಗಿಲ್ಲ. ಥಾಯ್ಲೆಂಡಿನಲ್ಲೂ ಶ್ರೀಲಂಕಾದಲ್ಲೂ ಬೇಡವಾದ ಬೆಕ್ಕುನಾಯಿಗಳನ್ನು ರಾತ್ರೋರಾತ್ರಿ ವಿಹಾರದ ಅಂಗಳದಲ್ಲಿ ಬಿಟ್ಟುಹೋಗುವುದು ರೂಢಿಯಾಗಿದೆ. ಭಿಕ್ಷುಗಳು ಹೇಗೂ ಓಡಿಸಲಾರರೆಂಬ ಧೈರ್ಯ. ತಾವೇ ಬೇಡಿ ಉಣ್ಣುವ ಭಿಕ್ಷುಗಳು ಪಾತ್ರೆಯಲ್ಲಿ ಉಳಿದದ್ದನ್ನು ಅವಕ್ಕೆ ಹಂಚುತ್ತಾರೆ. ನಮ್ಮ ಊರುಗಳಲ್ಲೂ ಕಣ್ಣು ಬಿಡದ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಗುಡಿಯ ಕಟ್ಟೆ ಸೇರುವುದು ಹೊಸದಲ್ಲ. ಹೆಣ್ಣುಬೆಕ್ಕು ಆರು ತಿಂಗಳಾಗುವ ಹೊತ್ತಿಗೇ ಗಬ್ಬವಾಗಬಲ್ಲದು, ಅಲ್ಲಿಂದ ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೆ ಮುಂಚೆಯೇ ಪಶುವೈದ್ಯರಲ್ಲಿಗೆ ಒಯ್ದು ಸಂತಾನಹರಣ ಚಿಕಿತ್ಸೆ ಮಾಡಿಸಿ, ಮರಿಗಳನ್ನು ಮಾತ್ರ ಮಠದ ಬಾಗಿಲಿಗೆ ಒಯ್ಯಬೇಡಿ.